ಬೋರ್ಡಿನಲ್ಲಿ "ಕೆಜೆವಿ 1611" ಅಂತಿದೆ. ಬ್ಯಾಪ್ಟಿಸ್ಟರೆಲ್ಲ ಕಿಂಗ್ ಜೇಮ್ಸ್ ಬೈಬಲ್ ಒಂದನ್ನೇ ಒಪ್ಪೋದಾ?

ಧಾರವಾಡ ಪೇಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಎರಡು ವರ್ಷದಿಂದ ಸೌತ್ ಕೆರೊಲಿನಾದಲ್ಲಿದ್ದೇನೆ. ನಮ್ಮ ಮನೆಯವರು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಇಲ್ಲಿ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಹಿತ್ತಲಲ್ಲಿ ಬೆಳೆದ ಬೆಂಡೆಕಾಯಿ ತಂದುಕೊಡುತ್ತಾರೆ. ಅವರು ಕರೆದರು ಅಂತ ಹೋದ ಭಾನುವಾರ ಅವರ ಚರ್ಚಿಗೆ ಹೋದೆ. ರಸ್ತೆ ಬದಿಯ ಸಣ್ಣ ಬಿಳಿ ಕಟ್ಟಡ. ಬೋರ್ಡಿನಲ್ಲಿ ಬ್ಯಾಪ್ಟಿಸ್ಟ್ ಅನ್ನೋ ಹೆಸರಿನ ಕೆಳಗೆ ಮೂರು ಸಾಲು: ಇಂಡಿಪೆಂಡೆಂಟ್, ಫಂಡಮೆಂಟಲ್, ಕೆಜೆವಿ 1611. ಕೊನೆಯದು ಚರ್ಚು ಕಟ್ಟಿದ ವರ್ಷ ಇರಬೇಕು ಅಂದುಕೊಂಡೆ. ಕಿಂಗ್ ಜೇಮ್ಸ್ ವರ್ಷನ್ ಅನ್ನೋ ಇಂಗ್ಲಿಷ್ ಬೈಬಲ್, ಅದು ಬಂದ ವರ್ಷ ಅಂತ ಆಮೇಲೆ ತಿಳಿಯಿತು. ನಗಬೇಡಿ.

ಆರಾಧನೆಗೆ ಮೊದಲು ಸಂಡೇ ಸ್ಕೂಲ್. ಇಲ್ಲಿ ದೊಡ್ಡವರಿಗೂ ಇರುತ್ತದೆ. ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಅವತ್ತು ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ, ಫಿಲಿಪ್ಪ ಮತ್ತು ಇಥಿಯೋಪ್ಯದ ಕಂಚುಕಿಯ ಕಥೆ. ಸರದಿ ಬಂದಾಗ ನನ್ನ ಪಾಲಿಗೆ ಬಂದಿದ್ದು 37. ಫೋನ್ ತೆಗೆದೆ. ಅದರಲ್ಲಿದ್ದದ್ದು ಎನ್‌ಐವಿ ಅನ್ನೋ ಹೊಸ ಇಂಗ್ಲಿಷ್ ತರ್ಜುಮೆ. 36 ಇದೆ, 38 ಇದೆ, 37 ಇಲ್ಲ! ಮೇಲೆ ಎಳೆದೆ, ಕೆಳಗೆ ಎಳೆದೆ. ಎಲ್ಲರೂ ಸುಮ್ಮನೆ ನನ್ನನ್ನೇ ನೋಡುತ್ತಿದ್ದಾರೆ. ಆಮೇಲೆ ಯಾರೋ ಕಿಸಕ್ಕಂತ ನಕ್ಕರು. ಪಾಠ ಮಾಡುತ್ತಿದ್ದವರು "ನೋಡಿದ್ರಾ, ಹೊಸ ಬೈಬಲ್‌ಗಳ ಹಣೆಬರಹ ಇದು" ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ಅಜ್ಜ ತಮ್ಮ ಬೈಬಲ್ ನನ್ನ ಕಡೆ ತಳ್ಳಿ, ಬೆರಳಿಟ್ಟು ತೋರಿಸಿದರು. ಅದರಲ್ಲಿ ಇತ್ತು.

ನನಗೆ ಅವಮಾನಕ್ಕಿಂತ ಗೊಂದಲ ಜಾಸ್ತಿ ಆಯಿತು. ಆ ವಚನ ಎಲ್ಲಿ ಹೋಯಿತು? ಬ್ಯಾಪ್ಟಿಸ್ಟರೆಲ್ಲ ಹೀಗೇನಾ? ಒಬ್ಬ ರಾಜನ ಹೆಸರಿನ ಇಂಗ್ಲಿಷ್ ಬೈಬಲ್‌ಗೆ ಇಷ್ಟೊಂದು ಯಾಕೆ ಅಂಟಿಕೊಂಡಿದ್ದಾರೆ?

ಕೋಲಾರ ಚಿನ್ನ

ಎಲ್ಲರೂ ಹಾಗಲ್ಲ. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ, ಮೇಲಿಂದ ಹುಕುಂ ಬರೋದಿಲ್ಲ. ಒಂದೊಂದು ಸಭೆಯೂ ಸ್ವತಂತ್ರ. ಹಾಗಾಗಿ "ಬ್ಯಾಪ್ಟಿಸ್ಟರ ನಿಲುವು" ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ನೀವು ಹೋಗಿದ್ದು ಇಂಡಿಪೆಂಡೆಂಟ್ ಫಂಡಮೆಂಟಲ್ ಬ್ಯಾಪ್ಟಿಸ್ಟ್ ಅನ್ನೋ ಗುಂಪಿನ ಸಭೆ. ಕಿಂಗ್ ಜೇಮ್ಸ್ ಬಿಟ್ಟು ಬೇರೆ ಮುಟ್ಟಲ್ಲ ಅನ್ನೋರು ಜಾಸ್ತಿ ಸಿಗೋದು ಅಲ್ಲೇ. ಅವರಲ್ಲೂ ಎಲ್ಲರೂ ಅಲ್ಲ.

ಅಮೆರಿಕದ ದೊಡ್ಡ ಗುಂಪು ಸದರ್ನ್ ಬ್ಯಾಪ್ಟಿಸ್ಟರದು. ಅವರ ಪ್ರಕಾಶನವೇ ಸ್ವಂತ ಹೊಸ ತರ್ಜುಮೆ ತಂದಿದೆ. 2004ರಲ್ಲಿ ಹೋಲ್ಮನ್, ಅದನ್ನು ತಿದ್ದಿ 2017ರಲ್ಲಿ ಸಿಎಸ್‌ಬಿ. ಹಾಗಂತ ಹೊಸದೆಲ್ಲವನ್ನೂ ಒಪ್ಪುತ್ತಾರೆ ಅಂತಲ್ಲ. 2011ರಲ್ಲಿ ಹೊಸ ಎನ್‌ಐವಿ ಬಂದಾಗ, ಗಂಡು ಹೆಣ್ಣು ಸೂಚಿಸುವ ಪದಗಳನ್ನು ಬದಲಿಸಿದ್ದಾರೆ ಅಂತ ತಮ್ಮ ವಾರ್ಷಿಕ ಸಮಾವೇಶದಲ್ಲಿ ಅದರ ವಿರುದ್ಧ ನಿರ್ಣಯ ಮಾಡಿದರು.

ನಮ್ಮ ಅತ್ತೆ ಮನೆಯವರು ಒಂಗೋಲು ಕಡೆಯ ತೆಲುಗು ಬ್ಯಾಪ್ಟಿಸ್ಟರು. ಅವರ ಮನೆಯಲ್ಲಿ ಕಿಂಗ್ ಜೇಮ್ಸ್ ಅಂದರೆ ಯಾವ ಆಟಗಾರ ಅಂತ ಕೇಳುತ್ತಾರೆ. ಈ ಜಗಳ ಇಂಗ್ಲಿಷ್ ಓದುವವರದು.

ಸುಮ್ನೆ ಓದುಗ

ನನಗೆ ಬ್ಯಾಪ್ಟಿಸ್ಟ್ ಅಂದ್ರೆ ಹೆಬ್ಬಾಳದ ಆಸ್ಪತ್ರೆ, ಅದರ ಮುಂದಿನ ಟ್ರಾಫಿಕ್ಕು. ಅಷ್ಟೇ ಗೊತ್ತಿದ್ದಿದ್ದು. ಮುಂದುವರಿಸಿ, ಓದುತ್ತಿದ್ದೇನೆ.

ಹಳೇ ಪುಸ್ತಕದಂಗಡಿ

ಪೇಡೆಯವರೇ, ನಿಮ್ಮ ಪಾಲಿಗೆ ಬಂದ ವಚನ ಸಾಮಾನ್ಯದ್ದಲ್ಲ. ಕಂಚುಕಿ ನೀರು ನೋಡಿ "ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗೋಕೆ ಏನು ಅಡ್ಡಿ" ಅಂತ 36ರಲ್ಲಿ ಕೇಳುತ್ತಾನೆ. 37ರಲ್ಲಿ ಫಿಲಿಪ್ಪ "ಪೂರ್ಣ ಮನಸ್ಸಿನಿಂದ ನಂಬಿದರೆ ಆಗಬಹುದು" ಅನ್ನುತ್ತಾನೆ, ಇವನು "ನಂಬುತ್ತೇನೆ" ಅನ್ನುತ್ತಾನೆ. ಅಂದರೆ ಮೊದಲು ನಂಬಿಕೆ, ಆಮೇಲೆ ನೀರು. ಹಸುಗೂಸಿಗೆ ದೀಕ್ಷಾಸ್ನಾನ ಬೇಡ ಅನ್ನೋ ಬ್ಯಾಪ್ಟಿಸ್ಟರಿಗೆ ಇದಕ್ಕಿಂತ ಒಳ್ಳೆಯ ವಚನ ಬೇಕಾ? ಅದೇ ವಚನ ಫೋನಿನಲ್ಲಿ ಇಲ್ಲ ಅಂದರೆ ಅವರಿಗೆ ಹೇಗಾಗಬೇಡ.

ಈಗ ಅದು ಎಲ್ಲಿ ಹೋಯಿತು ಅಂತ. ಕಿಂಗ್ ಜೇಮ್ಸ್‌ನ ಹೊಸ ಒಡಂಬಡಿಕೆಗೆ ಆಧಾರ ಎರಾಸ್ಮಸ್ ಅನ್ನೋ ಡಚ್ ವಿದ್ವಾಂಸ 1516ರಲ್ಲಿ ಮೊದಲು ಅಚ್ಚು ಹಾಕಿದ ಗ್ರೀಕ್ ಪಾಠ, ಅದನ್ನು ಮುಂದೆ ಸ್ಟೆಫಾನಸ್, ಬೇಜಾ ಅನ್ನೋ ವಿದ್ವಾಂಸರು ತಿದ್ದಿದ್ದು. ಅದಕ್ಕೆ ಟೆಕ್ಸ್ಟಸ್ ರಿಸೆಪ್ಟಸ್ (ಎಲ್ಲರೂ ಒಪ್ಪಿದ ಪಾಠ) ಅಂತ ಹೆಸರು ಬಿತ್ತು. ಎರಾಸ್ಮಸ್ ಕೈಯಲ್ಲಿದ್ದದ್ದು ಬೆರಳೆಣಿಕೆಯ ಹಸ್ತಪ್ರತಿಗಳು. ಪ್ರಕಟನೆ ಪುಸ್ತಕದ ಕೊನೆಯ ಹಾಳೆಯೇ ಅವನ ಪ್ರತಿಯಲ್ಲಿ ಇರಲಿಲ್ಲ. ಲ್ಯಾಟಿನ್‌ನಿಂದ ತಿರುಗಿ ಗ್ರೀಕಿಗೆ ತಂದು ತುಂಬಿಸಿದ. ನಿಮ್ಮ 8:37 ಒಂದು ಪ್ರತಿಯ ಅಂಚಿನಲ್ಲಿ ಬರೆದಿತ್ತು. ನಕಲು ಮಾಡುವವರು ಕೈತಪ್ಪಿ ಬಿಟ್ಟಿರಬೇಕು ಅಂತ ಅವನು ಅದನ್ನು ಒಳಗೆ ಸೇರಿಸಿದ.

ಆಮೇಲೆ ನಾಲ್ಕನೇ ಶತಮಾನದ ವ್ಯಾಟಿಕಾನಸ್, ಸಿನಾಯ್ಟಿಕಸ್ ಪ್ರತಿಗಳನ್ನು ವಿದ್ವಾಂಸರು ಕೂಲಂಕಷವಾಗಿ ನೋಡಿದರು. ಅವುಗಳಲ್ಲಿ ಆ ವಚನ ಇಲ್ಲ. ವಚನಗಳಿಗೆ ಅಂಕಿ ಹಾಕಿದ್ದು ಸ್ಟೆಫಾನಸ್, 1551ರಲ್ಲಿ. ಅಂಕಿ ಆಗಲೇ ಬಿದ್ದಿದ್ದರಿಂದ ಈಗ 37 ಅನ್ನೋ ಜಾಗ ಖಾಲಿ. ಎನ್‌ಐವಿಯವರು ಕದ್ದು ತೆಗೆದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಾರೆ. ಫೋನಿನಲ್ಲಿ ಚಿಕ್ಕ ಗುರುತು ಇರುತ್ತದೆ, ಒತ್ತಿ ನೋಡಿ.

ನಮ್ಮಲ್ಲಿ ಇದು ಹೊಸದೇನಲ್ಲ. ಓಲೆಗರಿಯಿಂದ ವಚನಗಳನ್ನೋ ಕುಮಾರವ್ಯಾಸನನ್ನೋ ಸಂಪಾದಿಸಿದವರು ಇದೇ ಕೆಲಸ ಮಾಡಿದ್ದಾರೆ. ಒಂದು ಪ್ರತಿಯಲ್ಲಿ ಇರುವ ಪದ್ಯ ಇನ್ನೊಂದರಲ್ಲಿ ಇಲ್ಲ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ? ಅದಕ್ಕೇ ಪುಟದ ಕೆಳಗೆ ಪಾಠಾಂತರ ಅಂತ ಸಣ್ಣ ಅಕ್ಷರದ ಸಾಲುಗಳು. ಯಾರೂ ಓದಲ್ಲ ಅನ್ನೋದು ಬೇರೆ ವಿಷಯ.

ನೇರ ಮಾತು

ನಾನು ಅಂಥದ್ದೇ ಒಂದು ಸಭೆಯ ಸದಸ್ಯ, ಟೆಕ್ಸಾಸ್‌ನಲ್ಲಿ. ಹನ್ನೊಂದು ವರ್ಷ ಆಯಿತು. ಇಲ್ಲಿ ಎಲ್ಲರೂ ನಮ್ಮನ್ನು ಹಳ್ಳಿ ಗಮಾರರ ಥರ ನೋಡುವ ಮೊದಲು ಎರಡು ಮಾತು ಕೇಳಿ.

ಒಂದು, ನಮ್ಮಲ್ಲೇ ಎರಡು ಬಗೆ ಇದ್ದಾರೆ. ಪೀಟರ್ ರಕ್ಮನ್ ಅಂತ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಒಬ್ಬರಿದ್ದರು. ಇಂಗ್ಲಿಷ್ ಕಿಂಗ್ ಜೇಮ್ಸ್‌ನಿಂದಲೇ ಗ್ರೀಕನ್ನೂ ತಿದ್ದಬಹುದು ಅನ್ನೋ ಮಟ್ಟಕ್ಕೆ ಹೋದವರು. ನಾನು ಆ ಪೈಕಿ ಅಲ್ಲ. ನನ್ನ ಹಾಗೆ ಇರುವವರು ಹೇಳೋದು ಇಷ್ಟು: ನೂರಾರು ವರ್ಷ ಸಭೆಗಳು ನಕಲು ಮಾಡಿ, ಓದಿ, ಉಳಿಸಿಕೊಂಡು ಬಂದ ಗ್ರೀಕ್ ಪಾಠ ಒಂದಿದೆ. ಬಹುಪಾಲು ಹಸ್ತಪ್ರತಿಗಳು ಅದರ ಕಡೆ ಇವೆ. ಸಿನಾಯ್ ಬೆಟ್ಟದ ಮಠದಲ್ಲಿ ಬಿದ್ದಿದ್ದ ಒಂದು ಪ್ರತಿ ಸಿಕ್ಕ ಕೂಡಲೇ ಅದನ್ನೆಲ್ಲ ಬದಿಗೆ ಸರಿಸಬೇಕಾ? 12ನೇ ಕೀರ್ತನೆಯಲ್ಲಿ ದೇವರು ತನ್ನ ಮಾತನ್ನು ಕಾಪಾಡುತ್ತಾನೆ ಅಂತಿದೆ. ಕಾಪಾಡಿದ್ದು ಹೌದಾದರೆ ಜನರ ಕೈಯಲ್ಲೇ ಕಾಪಾಡಿರಬೇಕಲ್ವಾ?

ಎರಡು, ನಾಲ್ಕು ವರ್ಷಕ್ಕೊಂದು ಹೊಸ ತರ್ಜುಮೆ ಬಂದರೆ ಮಕ್ಕಳು ಯಾವುದನ್ನು ಬಾಯಿಪಾಠ ಮಾಡಬೇಕು? ನಮ್ಮ ಸಭೆಯಲ್ಲಿ ಏಳು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜಿಯೂ ಒಂದೇ ಮಾತಲ್ಲಿ ವಚನ ಹೇಳುತ್ತಾರೆ. ಅದು ಸಣ್ಣ ವಿಷಯ ಅಲ್ಲ.

ಹಳೇ ಪುಸ್ತಕದಂಗಡಿ

ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ. ಮೊದಲನೆಯದರಲ್ಲಿ ಒಂದು ತೊಡಕಿದೆ. ಬಹುಪಾಲು ಪ್ರತಿಗಳನ್ನೇ ಲೆಕ್ಕ ಹಿಡಿದರೆ 8:37 ನಿಲ್ಲೋದೇ ಇಲ್ಲ. ಹೆಚ್ಚಿನ ಗ್ರೀಕ್ ಪ್ರತಿಗಳಲ್ಲಿ ಆ ವಚನ ಇಲ್ಲ. ಒಂದನೇ ಯೋಹಾನ 5:7ರಲ್ಲಿ ಬರುವ ತಂದೆ, ವಾಕ್ಯ, ಪವಿತ್ರಾತ್ಮದ ಮಾತೂ ಹಾಗೆಯೇ. ಎರಾಸ್ಮಸ್ ತನ್ನ ಮೊದಲ ಎರಡು ಮುದ್ರಣದಲ್ಲಿ ಅದನ್ನು ಹಾಕಿರಲಿಲ್ಲ, 1522ರ ಮೂರನೆಯದರಲ್ಲಿ ಸೇರಿಸಿದ. ಅಂದರೆ "ಬಹುಪಾಲು" ಬೇರೆ, "ಕಿಂಗ್ ಜೇಮ್ಸ್‌ನಲ್ಲಿ ಇರುವುದು" ಬೇರೆ. ಎರಡೂ ಒಂದೇ ಅಂತ ಹೇಳೋಕಾಗಲ್ಲ.

ನೇರ ಮಾತು

ಗೊತ್ತು ಸರ್. ಆದರೆ ಎರಡನೇ ಶತಮಾನದ ಬಿಷಪ್ ಐರಿನೇಯಸ್ 8:37ನ್ನು ಉಲ್ಲೇಖಿಸಿದ್ದಾನೆ. ಅದು ನಿಮ್ಮ ಸಿನಾಯ್ಟಿಕಸ್‌ಗಿಂತ ಹಳೆಯದು. ಅಷ್ಟು ಸಲೀಸಾಗಿ ಪ್ರಕ್ಷಿಪ್ತ ಅನ್ನಬೇಡಿ.

ಹಳೇ ಪುಸ್ತಕದಂಗಡಿ

ಅದು ಸರಿಯಾದ ಮಾತು. ಮಾತು ಹಳೆಯದೇ, ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನೇ ಅದನ್ನೂ ಬರೆದನಾ ಅನ್ನೋದಷ್ಟೇ ಪ್ರಶ್ನೆ.

ಬಳ್ಳಾರಿ ಬಿಸಿಲು

ನೀವಿಬ್ಬರು ಗ್ರೀಕ್ ನೋಡ್ಕೊಳ್ಳಿ. ನನಗೆ ಯಾವಾಗಲೂ ನಗು ಬರೋದು ಆ "ಕಿಂಗ್ ಜೇಮ್ಸ್" ಅನ್ನೋ ಹೆಸರಿಗೆ.

ಇಂಗ್ಲೆಂಡಿನ ಈ ರಾಜ ಬ್ಯಾಪ್ಟಿಸ್ಟರಿಗೆ ಏನು ಮಾಡಿದ ಗೊತ್ತಾ? 1604ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಸಭೆಯಲ್ಲಿ ಹೊಸ ತರ್ಜುಮೆಗೆ ಒಪ್ಪಿದ. ಜನ ಓದುತ್ತಿದ್ದ ಜಿನೀವಾ ಬೈಬಲ್‌ನ ಅಂಚಿನ ಟಿಪ್ಪಣಿಗಳು ರಾಜರ ಮೇಲೆ ಜನರನ್ನು ಎತ್ತಿಕಟ್ಟುತ್ತವೆ ಅನ್ನೋದು ಅವನ ತಕರಾರು. ಸುಮಾರು 47 ಜನ ವಿದ್ವಾಂಸರು ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಕೂತು ಮಾಡಿದರು. ಎಲ್ಲರೂ ಚರ್ಚ್ ಆಫ್ ಇಂಗ್ಲೆಂಡಿನವರು. ಬ್ಯಾಪ್ಟಿಸ್ಟ್ ಅನ್ನೋ ನರಪಿಳ್ಳೆಯೂ ಅಲ್ಲಿ ಇರಲಿಲ್ಲ. ಹಳೆಯ ಚರ್ಚಿನ ಪದಗಳನ್ನು ಬದಲಿಸಬಾರದು, "ಚರ್ಚ್" ಅಂತಲೇ ಇರಬೇಕು, "ಸಭೆ" ಅನ್ನೋ ಅರ್ಥದ ಪದ ಹಾಕಬಾರದು ಅಂತ ಅವರಿಗೆ ಮೊದಲೇ ನಿಯಮ ಮಾಡಿಕೊಟ್ಟಿದ್ದರು. "ಸಭೆಯೇ ಎಲ್ಲ" ಅನ್ನುವ ಬ್ಯಾಪ್ಟಿಸ್ಟರಿಗೆ ಬೇಕಾಗಿದ್ದು ನಿಜವಾಗಿ ಆ ಪದವೇ!

ಪುಸ್ತಕ ಬಂದಿದ್ದು 1611. ಮರುವರ್ಷವೇ ಥಾಮಸ್ ಹೆಲ್ವಿಸ್ ಆಮ್‌ಸ್ಟರ್‌ಡ್ಯಾಮ್‌ನಿಂದ ಹಿಂತಿರುಗಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆ ಶುರು ಮಾಡಿದ. ಧರ್ಮದ ವಿಷಯದಲ್ಲಿ ರಾಜನಿಗೆ ಅಧಿಕಾರ ಇಲ್ಲ ಅಂತ ಪುಸ್ತಕ ಬರೆದ. ಅದರ ಒಂದು ಪ್ರತಿಯಲ್ಲಿ, ರಾಜನೂ ಸಾಯುವ ಮನುಷ್ಯ, ದೇವರಲ್ಲ ಅಂತ ಕೈಯಾರೆ ಬರೆದ. ಎಷ್ಟು ಧೈರ್ಯ ನೋಡಿ. ಹೆಲ್ವಿಸ್ ನ್ಯೂಗೇಟ್ ಜೈಲಿಗೆ ಹೋದ, 1616ರ ಹೊತ್ತಿಗೆ ತೀರಿಕೊಂಡಿದ್ದ. ಅದೇ 1612ರಲ್ಲಿ ಲಿಚ್‌ಫೀಲ್ಡ್‌ನಲ್ಲಿ ಎಡ್ವರ್ಡ್ ವೈಟ್‌ಮನ್ ಅನ್ನುವವನನ್ನು ಸುಟ್ಟರು. ಶಿಶುಗಳಿಗೆ ದೀಕ್ಷಾಸ್ನಾನ ತಪ್ಪು ಅನ್ನೋದು ಅವನ ಮೇಲಿದ್ದ ಹತ್ತಾರು ಆರೋಪಗಳಲ್ಲಿ ಒಂದು. ಅವನನ್ನು ಸುಡಲು ಹೇಳಿದ್ದೂ ಇದೇ ಜೇಮ್ಸ್.

ಈಗ ಅವನ ಹೆಸರು ಬ್ಯಾಪ್ಟಿಸ್ಟ್ ಚರ್ಚಿನ ಬೋರ್ಡಿನ ಮೇಲೆ.

ನೇರ ಮಾತು

ರಾಜ ಕೆಟ್ಟವನು ಅಂತ ಪುಸ್ತಕ ಕೆಡುತ್ತಾ? ಕಿಟೆಲ್ ಪಾದ್ರಿ ಮತಪ್ರಚಾರಕ್ಕೆ ಬಂದವರು, ಹಾಗಂತ ಅವರ 1894ರ ಕನ್ನಡ ನಿಘಂಟನ್ನು ಯಾರಾದರೂ ಬಿಟ್ಟಿದ್ದಾರಾ? ನಾವು ಓದೋದು ದೇವರ ಮಾತು ಅಂತ, ಜೇಮ್ಸ್ ಒಳ್ಳೆಯವನು ಅಂತಲ್ಲ.

ಬಳ್ಳಾರಿ ಬಿಸಿಲು

ಕಿಟೆಲ್ ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಕಿಟೆಲ್ ನಿಘಂಟು ಬಿಟ್ಟು ಬೇರೆ ನಿಘಂಟು ಮುಟ್ಟಿದರೆ ಕನ್ನಡ ದ್ರೋಹ ಅಂತ ಯಾರೂ ಹೇಳಲ್ಲ. ತರ್ಜುಮೆ ಮಾಡಿದವರೇ ಹಾಗೆ ಹೇಳಲಿಲ್ಲ. 1611ರ ಪುಸ್ತಕದ ಮುಂದೆ ಮೈಲ್ಸ್ ಸ್ಮಿತ್ ಬರೆದ ಉದ್ದದ ಮುನ್ನುಡಿ ಇದೆ. ಹಲವು ತರ್ಜುಮೆ ಇದ್ದರೆ ಅರ್ಥ ತಿಳಿಯೋಕೆ ಅನುಕೂಲ, ತೀರಾ ಸಾಧಾರಣ ಇಂಗ್ಲಿಷ್ ತರ್ಜುಮೆಯೂ ದೇವರ ವಾಕ್ಯವೇ ಅಂತ ಅವರೇ ಹೇಳಿದ್ದಾರೆ. ಖಚಿತ ಇಲ್ಲದ ಕಡೆ ಅಂಚಿನಲ್ಲಿ ಬೇರೆ ಅರ್ಥವನ್ನೂ ಕೊಟ್ಟಿದ್ದಾರೆ. ಈಗಿನ ಹೆಚ್ಚಿನ ಪ್ರತಿಗಳಲ್ಲಿ ಆ ಮುನ್ನುಡಿಯೇ ಇರಲ್ಲ.

ಇನ್ನೊಂದು. ಬೋರ್ಡಿನಲ್ಲಿ 1611 ಅಂತ ಇದ್ದರೂ ಒಳಗೆ ಓದುತ್ತಿರೋದು 1611ರದ್ದಲ್ಲ. ಆಕ್ಸ್‌ಫರ್ಡಿನಲ್ಲಿ ಬೆಂಜಮಿನ್ ಬ್ಲೇನಿ ಕಾಗುಣಿತ, ಅಚ್ಚಿನ ತಪ್ಪು ಎಲ್ಲ ತಿದ್ದಿ ತಂದ 1769ರ ಪಾಠ ಅದು. ಅಸಲಿ 1611ರಲ್ಲಿ ಎರಡು ಒಡಂಬಡಿಕೆಗಳ ಮಧ್ಯೆ ಅಪೊಕ್ರಿಫ ಅನ್ನೋ, ಪ್ರೊಟೆಸ್ಟೆಂಟರು ಬೈಬಲ್‌ಗೆ ಸಮ ಅನ್ನದ ಪುಸ್ತಕಗಳೂ ಇದ್ದವು. ಬ್ಯಾಪ್ಟಿಸ್ಟರು ಅದನ್ನು ಹತ್ತಿರ ಸೇರಿಸಲ್ಲ.

ಕಲ್ಕತ್ತಾ ಕನ್ನಡಿಗ

ಇದರಲ್ಲಿ ನಮ್ಮ ದೇಶದ ಒಂದು ಎಳೆ ಇದೆ. ಯಾರೂ ಹೇಳಲಿಲ್ಲ ಅಂತ ಹೇಳ್ತೀನಿ.

ಶ್ರೀರಾಂಪುರದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿದ ಅದೇ ಕೇರಿ. ಅವರ ನಂತರ ಬಂಗಾಳಿ ಬೈಬಲನ್ನು ತಿದ್ದಿದವರು ವಿಲಿಯಂ ಯೇಟ್ಸ್ ಮತ್ತು ಜೊತೆಯವರು, ಅವರೂ ಬ್ಯಾಪ್ಟಿಸ್ಟರು. ಗ್ರೀಕಿನ "ಬಾಪ್ಟಿಜೋ" ಅನ್ನೋ ಕ್ರಿಯಾಪದಕ್ಕೆ ಅರ್ಥ ಮುಳುಗಿಸು ಅಂತ. ಕಿಂಗ್ ಜೇಮ್ಸ್‌ನವರು ಅದನ್ನು ತರ್ಜುಮೆ ಮಾಡದೆ ಹಾಗೇ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ್ದರು. ಚಿಮುಕಿಸುವವರಿಗೂ ಸರಿ, ಮುಳುಗಿಸುವವರಿಗೂ ಸರಿ. ಕಲ್ಕತ್ತಾದವರು ಮಾತ್ರ ಬಂಗಾಳಿಯಲ್ಲಿ ಮುಳುಗಿಸು ಅನ್ನೋ ಪದವನ್ನೇ ಹಾಕಿದರು. ಬ್ರಿಟಿಷ್ ಬೈಬಲ್ ಸೊಸೈಟಿ ಇದಕ್ಕೆ ದುಡ್ಡು ಕೊಡಲ್ಲ ಅಂದಿತು. ಇವರು ಅಮೆರಿಕದ ಬೈಬಲ್ ಸೊಸೈಟಿ ಕಡೆ ಕೈ ಚಾಚಿದರು. 1836ರಲ್ಲಿ ಅವರು ಏನು ನಿರ್ಣಯ ಮಾಡಿದರು ಗೊತ್ತಾ? ತತ್ತ್ವದಲ್ಲಿ ಚಾಲ್ತಿಯ ಇಂಗ್ಲಿಷ್ ತರ್ಜುಮೆಗೆ ಹೊಂದುವ ತರ್ಜುಮೆಗಳಿಗೆ ಮಾತ್ರ ದುಡ್ಡು. ಅಂದರೆ ಕಿಂಗ್ ಜೇಮ್ಸನ್ನು ಅಳತೆಗೋಲು ಮಾಡಿ ಬ್ಯಾಪ್ಟಿಸ್ಟರನ್ನೇ ಹೊರಗೆ ಹಾಕಿದರು!

ಸಿಟ್ಟಾಗಿ ಬ್ಯಾಪ್ಟಿಸ್ಟರು ಹೊರಬಂದು ಬೇರೆ ಸೊಸೈಟಿ ಕಟ್ಟಿದರು. ಅಲ್ಲಿಗೂ ನಿಲ್ಲಲಿಲ್ಲ. ಬಂಗಾಳಿಗೆ ಒಂದು ನ್ಯಾಯ, ಇಂಗ್ಲಿಷಿಗೆ ಇನ್ನೊಂದಾ ಅಂತ ಕೆಲವರು ಕೇಳಿದರು. ಇಂಗ್ಲಿಷ್ ಬೈಬಲನ್ನೂ ತಿದ್ದಬೇಕು ಅಂತ ಸ್ಪೆನ್ಸರ್ ಕೋನ್ ಮತ್ತು ಜೊತೆಯವರು ಪಟ್ಟು ಹಿಡಿದರು. ಉಳಿದ ಬ್ಯಾಪ್ಟಿಸ್ಟರು ಅದನ್ನು ಮುಟ್ಟಬೇಡಿ ಅಂದರು. 1850ರಲ್ಲಿ ಮತ್ತೆ ಒಡೆದು ಅಮೆರಿಕನ್ ಬೈಬಲ್ ಯೂನಿಯನ್ ಆಯಿತು. 1860ರ ದಶಕದಲ್ಲಿ ಅವರ ಹೊಸ ಒಡಂಬಡಿಕೆ ಬಂತು. ಅದರಲ್ಲಿ ಯೋಹಾನ ಬ್ಯಾಪ್ಟಿಸ್ಟ್ ಅಲ್ಲ, ಮುಳುಗಿಸುವ ಯೋಹಾನ.

ಯೋಚನೆ ಮಾಡಿ. ಕಲ್ಕತ್ತಾದ ಒಂದು ಪದ ನ್ಯೂಯಾರ್ಕಿನಲ್ಲಿ ಎರಡು ಸೊಸೈಟಿ ಒಡೆಯಿತು. ಕಿಂಗ್ ಜೇಮ್ಸ್ ತಿದ್ದಲೇಬೇಕು ಅಂತ ಆಗ ಹಟ ಹಿಡಿದವರು ಬ್ಯಾಪ್ಟಿಸ್ಟರೇ.

ಘಟ್ಟದ ಕೆಳಗಿನವಳು

ನಮ್ಮ ಸತ್ಯವೇದದಲ್ಲಿ "ದೀಕ್ಷಾಸ್ನಾನ", "ಸ್ನಾನಿಕನಾದ ಯೋಹಾನ". ಸ್ನಾನ ಅಂತ ಬಾಯಿ ತುಂಬ ಹೇಳಿ ಮಗುವಿನ ತಲೆಗೆ ಮೂರು ಹನಿ ನೀರು ಹಾಕ್ತೇವೆ ಮಾರಾಯ್ರೇ. ನನ್ನ ತಮ್ಮ ಸಣ್ಣವನಿದ್ದಾಗ "ಇದೆಂಥ ಸ್ನಾನ, ಸೋಪೇ ಇಲ್ಲ" ಅಂತ ಆರಾಧನೆ ಮಧ್ಯೆ ಜೋರಾಗಿ ಕೇಳಿದ್ದ.

ಕೋಲಾರ ಚಿನ್ನ

ನಿಮ್ಮ ತಮ್ಮ ಬ್ಯಾಪ್ಟಿಸ್ಟ್ ಆಗಬೇಕಿತ್ತು.

ಧಾರವಾಡ ಪೇಡೆ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಉಲ್ಟಾ ಆಗಿದ್ದು ಯಾವಾಗ? ತಿದ್ದಿ ಅಂದವರ ಮೊಮ್ಮಕ್ಕಳು ಮುಟ್ಟಬೇಡಿ ಅಂತ ಯಾವಾಗ ಶುರು ಮಾಡಿದರು?

ಹಳೇ ಪುಸ್ತಕದಂಗಡಿ

ಮೆಲ್ಲಗೆ ಆಯಿತು. 1881ರಲ್ಲಿ ಇಂಗ್ಲೆಂಡಿನಲ್ಲಿ ಕಿಂಗ್ ಜೇಮ್ಸನ್ನು ತಿದ್ದಿದ ರಿವೈಸ್ಡ್ ವರ್ಷನ್ನಿನ ಹೊಸ ಒಡಂಬಡಿಕೆ ಬಂತು. ವೆಸ್ಟ್‌ಕಾಟ್, ಹಾರ್ಟ್ ಅವರ ಹೊಸ ಗ್ರೀಕ್ ಪಾಠವೂ ಅದೇ ವರ್ಷ. ಡೀನ್ ಬರ್ಗನ್ ಅದನ್ನು ಹಿಗ್ಗಾಮುಗ್ಗಾ ಜಾಡಿಸಿದ. ಅವನು ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನವನು. 1930ರಲ್ಲಿ ಬೆಂಜಮಿನ್ ವಿಲ್ಕಿನ್ಸನ್ ಕಿಂಗ್ ಜೇಮ್ಸ್ ಪರ ಇನ್ನೊಂದು ಪುಸ್ತಕ ಬರೆದ. ಅವನು ಸೆವೆಂತ್ ಡೇ ಅಡ್ವೆಂಟಿಸ್ಟ್. ಬ್ಯಾಪ್ಟಿಸ್ಟರು ಮುಂದೆ ಹಿಡಿದ ಕತ್ತಿಗಳೆಲ್ಲ ಪಕ್ಕದ ಮನೆಯಿಂದ ತಂದವು.

ಬೆಂಕಿ ಹತ್ತಿದ್ದು 1952ರಲ್ಲಿ, ಆರ್‌ಎಸ್‌ವಿ (ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್) ಅನ್ನೋ ಹೊಸ ತರ್ಜುಮೆಯ ಪೂರ್ತಿ ಬೈಬಲ್ ಬಂದಾಗ. ಯೆಶಾಯ 7:14ರಲ್ಲಿ ಕಿಂಗ್ ಜೇಮ್ಸ್ "ಕನ್ಯೆ" ಅಂದಿದ್ದ ಕಡೆ ಅವರು "ಯುವತಿ" ಅಂದರು. ಹೀಬ್ರೂ ಪದಕ್ಕೆ ಆ ಅರ್ಥ ಇದೆ ಅನ್ನೋದು ಅವರ ವಾದ. ಯೇಸು ಕನ್ಯೆಯಲ್ಲಿ ಹುಟ್ಟಿದ ಅನ್ನೋದನ್ನೇ ಅಲ್ಲಗಳೆಯುತ್ತಿದ್ದಾರೆ ಅಂತ ಗಲಾಟೆ ಎದ್ದಿತು. ನಾರ್ತ್ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಜನರ ಎದುರಿಗೇ ಆ ಹಾಳೆ ಸುಟ್ಟರು. ನಿಮ್ಮ ಪಕ್ಕದ ರಾಜ್ಯ.

ಪೂರ್ತಿ ಚಳವಳಿ ಅಂತ ಆಗಿದ್ದು ಇನ್ನೂ ತಡವಾಗಿ. ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಬ್ಯಾಪ್ಟಿಸ್ಟ್ ಪಾದ್ರಿ ಡೇವಿಡ್ ಓಟಿಸ್ ಫುಲ್ಲರ್ 1970ರಲ್ಲಿ ಆ ವಿಲ್ಕಿನ್ಸನ್, ಬರ್ಗನ್ ಬರಹಗಳನ್ನೆಲ್ಲ ಒಟ್ಟು ಮಾಡಿ ಪ್ರಕಟಿಸಿದರು. 1978ರಲ್ಲಿ ಎನ್‌ಐವಿ ಪೂರ್ತಿ ಬಂತು, ಭರ್ಜರಿ ಮಾರಾಟವಾಯಿತು. 1982ರ ಹೊತ್ತಿಗೆ ನ್ಯೂ ಕಿಂಗ್ ಜೇಮ್ಸ್. ಎದುರಾಳಿ ಬಲವಾದಷ್ಟೂ ಬೋರ್ಡಿನ ಮೇಲೆ 1611 ದಪ್ಪ ಆಯಿತು. ನನ್ನ ಲೆಕ್ಕದಲ್ಲಿ ಆ ಬೋರ್ಡು ಹೇಳೋದು "ನಾವು ಹಳಬರು" ಅಂತಲ್ಲ, "ನಾವು ಅವರಲ್ಲ" ಅಂತ.

ನೇರ ಮಾತು

ಕೊನೆಯ ಸಾಲು ಸ್ವಲ್ಪ ಚುಚ್ಚಿತು. ಸುಳ್ಳು ಅನ್ನಲ್ಲ.

ಅಟ್ಲಾಂಟಾ ಟೀಚರ್

ನೀವೆಲ್ಲ ಬಿಳಿಯರ ಚರ್ಚಿನ ಮಾತೇ ಆಡುತ್ತಿದ್ದೀರಿ. ನಾನು ಪಾಠ ಮಾಡುವ ಶಾಲೆಯ ಸುತ್ತ ಇರೋದು ಕರಿಯರ ಬ್ಯಾಪ್ಟಿಸ್ಟ್ ಚರ್ಚುಗಳು. ಅಲ್ಲೂ ಕಿಂಗ್ ಜೇಮ್ಸೇ ಪ್ರೀತಿಯ ಬೈಬಲ್. ಆದರೆ ಬೋರ್ಡಿನಲ್ಲಿ ಬರೆಯಲ್ಲ, ಬೇರೆಯದನ್ನು ಬೈಯೋದೂ ಅಷ್ಟಾಗಿ ಕೇಳಿಲ್ಲ. ಅವರಿಗೆ ಅದು ಕಿವಿಯ ಬೈಬಲ್. ಪಾದ್ರಿ ಅರ್ಧ ವಚನ ಹೇಳಿ ನಿಲ್ಲಿಸಿದರೆ ಉಳಿದ ಅರ್ಧ ಜನರ ಬಾಯಿಂದ ಬರುತ್ತದೆ. ಸಹೋದ್ಯೋಗಿಯೊಬ್ಬರ ತಾಯಿಯ ಅಂತ್ಯಕ್ರಿಯೆಗೆ ಹೋದಾಗ 23ನೇ ಕೀರ್ತನೆ ಹೀಗೇ ಆಯಿತು. ಮುನ್ನೂರು ಜನ, ಒಂದೇ ಒಂದು ಪದ ತಪ್ಪಲಿಲ್ಲ. ನಮ್ಮ ಅಜ್ಜಿ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು. ಆ "ಕೊರತೆಪಡೆನು" ಅನ್ನೋದನ್ನು ಯಾರಾದರೂ ಸರಳ ಮಾಡಿದರೆ ನಾನೂ ಬೋರ್ಡು ಹಾಕಿಬಿಡ್ತೀನೇನೋ.

ಮಾರ್ಟಿನ್ ಲೂಥರ್ ಕಿಂಗ್ ಕೂಡ ಬ್ಯಾಪ್ಟಿಸ್ಟ್ ಪಾದ್ರಿಯೇ. 1963ರ ವಾಷಿಂಗ್ಟನ್ ಭಾಷಣದಲ್ಲಿ ತಗ್ಗುಗಳೆಲ್ಲ ಮೇಲೇಳುವ ಯೆಶಾಯನ ಮಾತನ್ನು ಕಿಂಗ್ ಜೇಮ್ಸ್‌ನ ಪದಗಳಲ್ಲಿ ಹೇಳಿದರು. ಅದೇ ಭಾಷಣದಲ್ಲಿ ನ್ಯಾಯ ನೀರಿನಂತೆ ಹರಿಯಲಿ ಅನ್ನೋ ಆಮೋಸನ ಮಾತು ಬಂದಾಗ ಹೊಸ ತರ್ಜುಮೆಗಳ ಪದ ಬಳಸಿದರು. ಕಿಂಗ್ ಜೇಮ್ಸ್‌ನಲ್ಲಿ ಅಲ್ಲಿರೋದು "ತೀರ್ಪು" ಅನ್ನೋ ಅರ್ಥದ ಪದ. ಬೀದಿಯಲ್ಲಿ ಹೋರಾಡುವವರಿಗೆ ತೀರ್ಪು ಬೇಕಿರಲಿಲ್ಲ, ನ್ಯಾಯ ಬೇಕಿತ್ತು.

ಕೋಲಾರ ಚಿನ್ನ

ಇದು ಚೆನ್ನಾಗಿದೆ ಮೇಡಂ. 2014ರ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಬೈಬಲ್ ಓದುಗರಲ್ಲಿ 55% ಜನ ಕಿಂಗ್ ಜೇಮ್ಸ್ ಓದುತ್ತೇವೆ ಅಂದಿದ್ದರು, ಎನ್‌ಐವಿ 19%. ಅಷ್ಟೂ ಜನ ಹಟವಾದಿಗಳಲ್ಲ. ಕಿವಿಗೆ ಹತ್ತಿದ್ದು ಬಿಡಲ್ಲ, ಅಷ್ಟೇ.

ಹೊಸಪೇಟೆ ಮೇಷ್ಟ್ರು

ನಾನು ಇಂಗ್ಲಿಷ್ ಮೇಷ್ಟ್ರು. ಕ್ರೈಸ್ತನಲ್ಲ. ಆದರೂ ಒಂದು ವಿಷಯದಲ್ಲಿ ಕಿಂಗ್ ಜೇಮ್ಸ್ ಪರ ಸಾಕ್ಷಿ ಹೇಳ್ತೀನಿ.

ಇಂಗ್ಲಿಷಿನಲ್ಲಿ ಈಗ ನೀನು, ನೀವು ಎರಡಕ್ಕೂ "ಯೂ" ಒಂದೇ. ಕಿಂಗ್ ಜೇಮ್ಸ್‌ನಲ್ಲಿ ಹಾಗಲ್ಲ. "ದೌ, ದೀ" ಅಂದರೆ ಒಬ್ಬ. "ಯೀ, ಯೂ" ಅಂದರೆ ಹಲವರು. ಹೀಬ್ರೂ, ಗ್ರೀಕಿನಲ್ಲಿ ಆ ವ್ಯತ್ಯಾಸ ಇದೆ, ಹಾಗಾಗಿ ತರ್ಜುಮೆಯಲ್ಲೂ ಉಳಿಸಿದರು. ಲೂಕ 22:31 ತೆಗೆಯಿರಿ. ಯೇಸು ಸೀಮೋನನಿಗೆ ಹೇಳುತ್ತಾನೆ: ಸೈತಾನ ಗೋಧಿಯನ್ನು ಜರಡಿ ಹಿಡಿದ ಹಾಗೆ "ಯೂ" ಹಿಡಿಯಲು ಕೇಳಿಕೊಂಡಿದ್ದಾನೆ. ಮುಂದಿನ ವಚನ: ಆದರೆ ನಾನು "ದೀ" ಗಾಗಿ ಬೇಡಿಕೊಂಡಿದ್ದೇನೆ. ಮೊದಲನೆಯದು ನಿಮ್ಮನ್ನೆಲ್ಲ, ಶಿಷ್ಯರೆಲ್ಲರನ್ನೂ. ಎರಡನೆಯದು ನಿನಗೋಸ್ಕರ, ಸೀಮೋನ ಒಬ್ಬನಿಗೋಸ್ಕರ. ಜರಡಿಗೆ ಬೀಳೋದು ಎಲ್ಲರೂ, ಬೇಡಿಕೊಂಡಿದ್ದು ಎದುರಿಗೆ ನಿಂತವನಿಗಾಗಿ. ಹೊಸ ಇಂಗ್ಲಿಷಿನಲ್ಲಿ ಎರಡೂ ಕಡೆ ಬರೀ "ಯೂ" ಅಂತ ಹಾಕಿದರೆ ಇದು ಮಾಯ. ಕೆಲವು ತರ್ಜುಮೆಗಳು "ನಿಮ್ಮೆಲ್ಲರನ್ನು" ಅಂತ ಬಿಡಿಸಿ ಬರೆದು ಒದ್ದಾಡುತ್ತವೆ.

ಕನ್ನಡದವರಿಗೆ ಇದು ಓದಿದ ಕೂಡಲೇ ಹತ್ತುತ್ತದೆ. ಆದರೆ ನಮಗೆ ಬೇರೆ ತಲೆನೋವು. ನಮ್ಮ "ನೀವು" ಮರ್ಯಾದೆಗೂ ಆಗುತ್ತದಲ್ಲ. ಯೋಹಾನ 3:7ರಲ್ಲಿ ಯೇಸು ನಿಕೊದೇಮನಿಗೆ, "ನೀವು" ಹೊಸದಾಗಿ ಹುಟ್ಟಬೇಕು ಅಂತ "ನಿನಗೆ" ಹೇಳಿದ್ದಕ್ಕೆ ಆಶ್ಚರ್ಯಪಡಬೇಡ ಅನ್ನುತ್ತಾನೆ. ಗೊತ್ತಿಲ್ಲದವರು ಓದಿದರೆ, ಒಂದೇ ವಾಕ್ಯದಲ್ಲಿ ಯಾಕೆ ಮರ್ಯಾದೆ ಕೊಟ್ಟು ಕಿತ್ಕೊಂಡ ಅಂತ ಅನಿಸಬಹುದು.

ಇನ್ನೊಂದು ತಮಾಷೆ. ಇಂಗ್ಲಿಷಿನವರು ಈಗ "ದೌ" ಅಂದರೆ ದೇವರಿಗೆ ಕೊಡುವ ವಿಶೇಷ ಮರ್ಯಾದೆ ಅಂದುಕೊಂಡಿದ್ದಾರೆ. ಹೊಸ ತರ್ಜುಮೆ ದೇವರಿಗೆ ಅಗೌರವ ಅನ್ನೋದಕ್ಕೆ ಅದೂ ಒಂದು ಕಾರಣ. ಅಸಲಿಗೆ ಅದು ಏಕವಚನ. ನಾವು ಶಿವನಿಗೂ ವಿಠಲನಿಗೂ "ನೀನು" ಅಂತಲೇ ಕರೆಯೋದು. ಬ್ಯಾಂಕ್ ಮ್ಯಾನೇಜರಿಗೆ "ನೀವು".

ಹಾಗಂತ ಕಿಂಗ್ ಜೇಮ್ಸ್ ಓದಿದರೆ ಎಲ್ಲ ತಿಳಿಯುತ್ತೆ ಅಂತಲ್ಲ. ಕಷ್ಟದ ಪದ ಬಂದರೆ ನಿಘಂಟು ನೋಡುತ್ತೇವೆ. ಮೋಸ ಮಾಡೋದು ಗೊತ್ತಿದೆ ಅಂದುಕೊಂಡ ಪದಗಳು. ಎರಡನೇ ಥೆಸಲೊನೀಕ 2:7ರಲ್ಲಿ "ಲೆಟ್" ಅಂದರೆ ಬಿಡು ಅಲ್ಲ, ತಡೆ. ಪೂರಾ ಉಲ್ಟಾ! ಒಂದನೇ ಥೆಸಲೊನೀಕ 4:15ರ "ಪ್ರಿವೆಂಟ್" ಅಂದರೆ ತಡೆಯೋದಲ್ಲ, ಮುಂದೆ ಹೋಗೋದು. ನಮ್ಮ ಹಳಗನ್ನಡದ "ನಾತ" ಇದ್ದ ಹಾಗೆ. ಆಗ ಬರೀ ವಾಸನೆ. ಈಗ ಮೂಗು ಮುಚ್ಚಿಕೊಳ್ಳಬೇಕು.

ನೇರ ಮಾತು

ಮೇಷ್ಟ್ರೇ, ಆ ಲೂಕನ ವಚನ ನಮ್ಮ ಪಾಸ್ಟರಿಗೆ ಹೇಳ್ತೀನಿ. "ಲೆಟ್" ವಿಷಯ ಹೇಳಲ್ಲ.

ಧಾರವಾಡ ಪೇಡೆ

ಇವತ್ತು ಮತ್ತೆ ಹೋಗಿದ್ದೆ. ಫೋನ್ ಮನೆಯಲ್ಲೇ ಬಿಟ್ಟೆ, ಮತ್ತೆ ನಗಿಸಿಕೊಳ್ಳುವ ಆಸೆ ಇರಲಿಲ್ಲ. ಸಂಡೇ ಸ್ಕೂಲ್ ಮುಗಿದ ಮೇಲೆ ಹೊರಗೆ ಕಾಫಿ ಹಿಡಿದು ನಿಂತಿದ್ದಾಗ ಅಜ್ಜನ ಬೈಬಲ್‌ನಲ್ಲೇ ಲೂಕ 22 ತೆಗೆಸಿದೆ. ನಮ್ಮ ಭಾಷೆಯಲ್ಲಿ ಈ ಎರಡು ಪದ ಬೇರೆ ಬೇರೆ ಅಂತ ಹೇಳಿ "ನಿಮ್ಮನ್ನು", "ನಿನಗೋಸ್ಕರ" ಅಂದು ತೋರಿಸಿದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ಜೋರಾಗಿ ನಕ್ಕು, ಮೊದಲನೆಯದು ನಮ್ಮ "ಯಾಲ್" ಅಲ್ವೇನಯ್ಯಾ ಅಂದರು! ಇಲ್ಲಿಯವರು ಹಲವರನ್ನು ಕರೆಯುವಾಗ "ಯೂ ಆಲ್" ಅನ್ನೋದನ್ನು ಸೇರಿಸಿ "ಯಾಲ್" ಅನ್ನುತ್ತಾರೆ. ಅರವತ್ತು ವರ್ಷದಿಂದ ಓದುತ್ತಿದ್ದೇನೆ, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಂದರು. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟು, ಅಂಚಿನಲ್ಲಿ ನಿಮ್ಮ ಭಾಷೆಯಲ್ಲೇ ಬರೆ ಅಂದರು. ಬರೆದೆ. 37ನೇ ವಚನದ ಮಾತು ಇಬ್ಬರೂ ಎತ್ತಲಿಲ್ಲ.

ಬಳ್ಳಾರಿ ಬಿಸಿಲು

ಕಿಂಗ್ ಜೇಮ್ಸ್ ಅಂಚಿನಲ್ಲಿ ಕನ್ನಡ! ಇನ್ನೊಂದು ಸಲ ಆ ಪುಸ್ತಕ ಕೈಗೆ ಸಿಕ್ಕಿದರೆ ರೂತಳು 3:15ರ ಕೊನೆ ನೋಡಿ ಹೇಳಿ. 1611ರ ಒಂದು ಮುದ್ರಣದಲ್ಲಿ "ಅವನು ಊರಿಗೆ ಹೋದನು" ಅಂತಿತ್ತು, ಇನ್ನೊಂದರಲ್ಲಿ "ಅವಳು". ಸಂಗ್ರಹಕಾರರು ಈಗಲೂ ಅವುಗಳನ್ನು ಅವನ ಬೈಬಲ್, ಅವಳ ಬೈಬಲ್ ಅಂತಲೇ ಕರೆಯೋದು.

ಧಾರವಾಡ ಪೇಡೆ

ಅಜ್ಜ ಬೆಂಡೆಕಾಯಿ ಕೊಡೋಕೆ ಬಂದಾಗ ಕೇಳಿದೆ. ಮನೆಗೆ ಹೋಗಿ ನೋಡಿಕೊಂಡು ಬಂದರು. ಅವರದ್ದು ಅವಳ ಬೈಬಲ್.